ಅಜ್ಜಿ ಕೈಗೂ ಒಂದು ‘ಹ್ಯಾಂಡೋವರ್’!

ವಾಸ್ಕೊ: ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ನರ್ಸ್‌ಗಳು ಸುಮ್ಮನೆ ಬ್ಯಾಗ್ ಹೆಗಲಿಗೇರಿಸಿ ಹೊರಡುವುದಿಲ್ಲ. ಯಾವ ರೋಗಿ ಹೇಗಿದ್ದಾರೆ, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಾಯಿತು, ಇನ್ನೇನು ಬಾಕಿ ಇದೆ ಎಂಬುದನ್ನು ಮುಂದಿನ ಪಾಳಿಯವರಿಗೆ ಒಪ್ಪಿಸಿಯೇ ಮನೆ ದಾರಿ ಹಿಡಿಯಬೇಕು. ಇದಕ್ಕೆ ಅವರು ‘ಹ್ಯಾಂಡೋವರ್’ ಎನ್ನುತ್ತಾರೆ. ಬಾಂಬೋಳಿಯ ದೊಡ್ಡ ಆಸ್ಪತ್ರೆಯಿರಲಿ, ಊರಿನ ಸಣ್ಣ ನರ್ಸಿಂಗ್ ಹೋಮ್ ಇರಲಿ, ಕ್ರಮ ಇದೇ.

ಆ ನರ್ಸ್ ತಾಯಿಯಾದ ಮೇಲೆ? 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ ರಜೆ 26 ವಾರಕ್ಕೆ ಏರಿತು, ನಿಜ. ಆಮೇಲೆ ಆರು ತಿಂಗಳ ಕೂಸನ್ನು ಬಿಟ್ಟು ನೈಟ್ ಡ್ಯೂಟಿಗೆ ಹೊರಡಲೇಬೇಕು. ಝುವಾರಿನಗರ, ಬೈನಾ, ಮಾಂಗೋರ್ ಹಿಲ್‌ನ ಕನ್ನಡದ ಮನೆಗಳಲ್ಲಿ ಆಗ ನೆನಪಾಗುವುದು ಊರಿನ ಅಜ್ಜಿ. ಹಾವೇರಿ, ಗದಗ, ಬಾಗಲಕೋಟೆ ಕಡೆಯಿಂದ ರೊಟ್ಟಿ ಗಂಟಿನ ಸಮೇತ ಬಂದಿಳಿಯುವ ಅವ್ವನಿಗೋ ಅತ್ತೆಗೋ ಕೂಸನ್ನು ಒಪ್ಪಿಸುವಾಗಲೂ ಬೇಕಾಗುವುದು ಇದೇ ಹ್ಯಾಂಡೋವರ್.

“ನಾವೇನ್ ಮಕ್ಕಳನ್ನ ಬರದಿಟ್ಟು ಬೆಳಸೀವೇನವಾ?” ಎಂದು ಹಿರಿಯರು ಕೇಳುವುದುಂಟು. ಕೇಳುವುದರಲ್ಲಿ ತಪ್ಪೇನಿಲ್ಲ. ತುಂಬಿದ ಮನೆಯಲ್ಲಿ ಕೂಸು ಎಲ್ಲರ ಕಣ್ಣೆದುರೇ ಇರುತ್ತಿತ್ತು. ಬಾಡಿಗೆಯ ಎರಡು ಕೋಣೆಯಲ್ಲಿ ಒಬ್ಬರು ಬರುವಾಗ ಇನ್ನೊಬ್ಬರು ಹೊರಟಿರುತ್ತಾರೆ.

ತೊಡಕಾಗುವುದು ಜ್ವರದ ದಿನ. ಸಂಜೆ ಅಜ್ಜಿ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿರುತ್ತಾರೆ. ಕೆಲಸದಿಂದ ಬಂದ ಅಪ್ಪ “ಮೈ ಭಾಳ ಬಿಸಿ ಐತಿ” ಎಂದು ಅದನ್ನೇ ಮತ್ತೊಮ್ಮೆ ಹಾಕುತ್ತಾನೆ. ಎರಡು ಡೋಸ್ ನಡುವೆ ಕನಿಷ್ಠ 4 ತಾಸು ಬಿಡಬೇಕು, 24 ತಾಸಿನಲ್ಲಿ 4 ಸಲ ಮೀರಬಾರದು. ಮೀರುತ್ತ ಹೋದರೆ ಪೆಟ್ಟು ಬೀಳುವುದು ಲಿವರ್‌ಗೆ. ಸಾಲದ್ದಕ್ಕೆ 5 ಮಿ.ಲೀ.ನಲ್ಲಿ 125 ಮಿ.ಗ್ರಾಂ. ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹನಿ ಔಷಧಿ ಇನ್ನೂ ಕಡಕ್. ಬಾಟಲಿ ಬದಲಾದರೆ ಅಳತೆಯೂ ಬದಲು. ಮನೆಯ ಚಮಚವನ್ನಂತೂ ನಂಬುವ ಹಾಗಿಲ್ಲ. ವಾರ್ಡ್‌ನಲ್ಲಿ ಔಷಧಿ ಕೊಟ್ಟ ಕೂಡಲೇ ಬರೆಯುವ ರೂಢಿ ಮನೆಗೆ ದಕ್ಕುವುದು ಇಲ್ಲಿ. ಗೋಡೆಯ ಕ್ಯಾಲೆಂಡರ್ ಮೇಲೆ ಹೊತ್ತು, ಅಳತೆ ಗುರುತು ಹಾಕಿದರಾಯಿತು. ಓದು ಬಾರದ ಅಜ್ಜಿ ಒಂದು ಗೆರೆ ಎಳೆದರೂ ಸಾಕು, ಕೊಟ್ಟಾಗಿದೆ ಎಂದು ತಿಳಿಯುತ್ತದೆ.

ಇನ್ನೊಂದು ವಿದ್ಯೆ ಉಸಿರು ಎಣಿಸುವುದು. ಕೆಮ್ಮುವ ಕೂಸು ಅಳದೆ ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿ ಎಣಿಸಬೇಕು. 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, 5 ವರ್ಷದೊಳಗೆ 40 ಮುಟ್ಟಿದರೆ ಡಾಕ್ಟರರ ಬಳಿ ಹೋಗಲೇಬೇಕು. ಉಸಿರೆಳೆದಾಗ ಪಕ್ಕೆ ಒಳಸೇರುತ್ತಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. 3 ತಿಂಗಳೊಳಗಿನ ಕೂಸಿನ ಜ್ವರ 100.4 ಡಿಗ್ರಿ ತಲುಪಿದರೂ ಅಷ್ಟೇ, ಮನೆಮದ್ದಿನ ಮಾತೇ ಬೇಡ. 108 ಆಂಬುಲೆನ್ಸ್ ಗೋವಾದಲ್ಲಿ 2008ರಿಂದ ಇದೆ.

ಆಸ್ಪತ್ರೆಯಲ್ಲಿ ಕೇಳುವುದು ಕೊಂಕಣಿಯಲ್ಲಿ. ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿ ಗಾಬರಿಯಲ್ಲಿ ಏನೆಂದು ಹೇಳಿಯಾರು? ಜ್ವರ ಎಷ್ಟು, ಯಾವಾಗಿನಿಂದ, ಏನು ಕುಡಿಸಿದೆ ಎಂದು ಬರೆದ ಚೀಟಿ, ಜೊತೆಗೆ ಔಷಧಿಯ ಬಾಟಲಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಈಗ ಏನಾಗಿದೆ, ಹಿಂದೆ ಏನಿತ್ತು, ನಮಗೇನು ಅನಿಸುತ್ತದೆ, ಏನು ಮಾಡಬೇಕು ಎಂದು ನಾಲ್ಕೇ ಮಾತಿನಲ್ಲಿ ಹೇಳುವ ಈ ಕ್ರಮ ಆಸ್ಪತ್ರೆಗಳಿಗೆ ಬಂದದ್ದು ಅಮೆರಿಕ ನೌಕಾಪಡೆಯ ಸಬ್‌ಮರೀನ್‌ಗಳಿಂದಂತೆ. ನೌಕಾಪಡೆಯವರನ್ನು ದಿನಾ ನೋಡುವ ವಾಸ್ಕೊ ಜನಕ್ಕೆ ಇದು ಪರಕೀಯವೇನಲ್ಲ.

ಆದರೆ ವಾರ್ಡ್‌ನ ವಿದ್ಯೆಯೆಲ್ಲ ಮನೆಗೆ ಒಗ್ಗುವುದಿಲ್ಲ. ನರ್ಸ್ ತಾಯಿ ಕೆಟ್ಟ ಕೇಸುಗಳನ್ನೇ ಕಂಡವಳು, ಸಣ್ಣ ಕೆಮ್ಮಿಗೂ ಎದೆ ಧಸಕ್ಕೆನ್ನುತ್ತದೆ. ತಿಳಿದವಳೆಂದು ಡಾಕ್ಟರರನ್ನು ಕೇಳದೆ ಉಳಿದ ಆ್ಯಂಟಿಬಯೋಟಿಕ್ ಕೊಡುವುದಂತೂ ಕೂಡದು. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ, ಇಲ್ಲಿ ಪಾಳಿ ಮುಗಿಯುವುದೇ ಇಲ್ಲ. ರಾತ್ರಿಯಿಡೀ ನಿಂತು ಬಂದವಳ ಮಡಿಲಿಗೇ ಕೂಸು. ಹಾಗಾಗಿ ಬೆಳಗಿನ ಹ್ಯಾಂಡೋವರ್ ಅಪ್ಪ ಪಡೆಯಬೇಕು, ಇಲ್ಲವೇ ಅಜ್ಜಿಯೇ ಹೇಳಬೇಕು: “ರಾತ್ರಿ ಎರಡ ಸಲ ಎದ್ದಿತ್ತು, ಹಾಲು ಕುಡದೈತಿ, ಮೈ ತಣ್ಣಗೈತಿ. ನೀ ಹೋಗಿ ಮಲಕ್ಕೋ.”