ಆಡು ಮುಟ್ಟಬಾರದ ಮೂಟೆ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಗಾದೆ ಹೇಳಿರುವುದು ಸೊಪ್ಪಿನ ವಿಷಯ, ಕಾಳಿನ ವಿಷಯವಲ್ಲ. ಆಡು ಏನು ತಿಂದರೂ ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹೀಗಾಗಿ ಅದು ಕೋಳಿಯ ಆಹಾರಕ್ಕೆ ಬಾಯಿ ಹಾಕಿದಾಗ ‘ತಿನ್ನಲಿ ಬಿಡಿ, ಸ್ವಲ್ಪ ದಷ್ಟಪುಷ್ಟವಾಗುತ್ತದೆ’ ಎಂದು ಸುಮ್ಮನಾಗುವವರೂ ಇದ್ದಾರೆ. ಮರುದಿನ ಬೆಳಿಗ್ಗೆ ಗೂಡಿನಲ್ಲಿ ಆಡು ಏಳಲಾರದೆ ಮಲಗಿರುವಾಗ, ಯಾರೋ ವಿಷ ಹಾಕಿರಬೇಕೆಂದು ನೆರೆಮನೆಯವರ ಮೇಲೆ ಸಂಶಯ ಪಡುವುದೂ ಉಂಟು. ವಿಷ ಹೊರಗಿನಿಂದ ಬಂದದ್ದಲ್ಲ. ಅದು ಆಡಿನ ಹೊಟ್ಟೆಯಲ್ಲೇ ಹುಟ್ಟಿದ್ದು.

ಕಾಸರಗೋಡಿನ ನಮ್ಮ ಕಡೆ, ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯದವರೆಗೂ, ಅಡಿಕೆ ತೋಟದ ಬದಿಯ ಮನೆಗಳಲ್ಲಿ ಎರಡು ಮೂರು ಆಡು, ಹತ್ತಿಪ್ಪತ್ತು ಕೋಳಿ ಇರುವುದು ಸಾಮಾನ್ಯ. ಕೇರಳದ ಮಲಬಾರಿ ತಳಿಯ ಆಡು ಹೆಚ್ಚಾಗಿ ಅವಳಿ ಮರಿ ಹಾಕುತ್ತದೆ. ಕುಟುಂಬಶ್ರೀ ಸಂಘಗಳ ಮೂಲಕ ಆಡು ಸಾಕಿ ಮನೆ ನಡೆಸುವ ತಾಯಂದಿರಿದ್ದಾರೆ. ಜೂನ್ ತಿಂಗಳಿನಲ್ಲಿ ಶಾಲೆ ತೆರೆದಾಗ ಪುಸ್ತಕ, ಸಮವಸ್ತ್ರಕ್ಕೆ ದುಡ್ಡು ಬರುವುದು ಎಷ್ಟೋ ಮನೆಗಳಲ್ಲಿ ಒಂದು ಹೋತ ಮಾರಿದ ಮೇಲೆಯೇ. ಇಂತಹ ಮನೆಯಲ್ಲಿ ಒಂದು ಆಡು ಸತ್ತರೆ ಅದು ಸಣ್ಣ ನಷ್ಟವಲ್ಲ.

ಹೊಟ್ಟೆಯೊಳಗೆ ನಡೆಯುವುದೇನು?

ಕೋಳಿಗೂ ಆಡಿಗೂ ದೇವರು ಬೇರೆ ಬೇರೆ ಹೊಟ್ಟೆ ಕೊಟ್ಟಿದ್ದಾನೆ. ಕೋಳಿ ನುಂಗಿದ ಕಾಳನ್ನು ಅದರ ದಪ್ಪ ಗೋಡೆಯ ಜಠರ ಬೀಸುವ ಕಲ್ಲಿನಂತೆ ಅರೆಯುತ್ತದೆ. ಆಡಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಅವುಗಳಲ್ಲಿ ಅತಿ ದೊಡ್ಡದಾದ ಮೊದಲನೆಯದರಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಸೊಪ್ಪು, ಹುಲ್ಲಿನ ನಾರನ್ನು ನಿಧಾನವಾಗಿ ಕೊಳೆಯಿಸಿ ಆಡಿಗೆ ಶಕ್ತಿ ಒದಗಿಸುವುದು ಈ ಜೀವಿಗಳ ಕೆಲಸ. ಆಡು ಮೆಲುಕು ಹಾಕಿದಷ್ಟೂ ಜೊಲ್ಲು ಇಳಿದು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ.

ಕೋಳಿ ಆಹಾರದಲ್ಲಿ ಹೆಚ್ಚಿನ ಪಾಲು ಜೋಳ, ಅದೂ ನುಣ್ಣಗೆ ಪುಡಿ ಮಾಡಿದ್ದು. ಜೊತೆಗೆ ಸೋಯಾ ಹಿಂಡಿ. ಆಡು ಇದನ್ನು ಒಮ್ಮೆಗೇ ಗಬಗಬನೆ ತಿಂದರೆ ಪಿಷ್ಟವನ್ನು ಹುದುಗಿಸುವ ಜೀವಿಗಳು ವಿಪರೀತ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ತಯಾರಾಗುತ್ತದೆ. ನಾರು ಅರಗಿಸುವ ಜೀವಿಗಳು ಆ ಹುಳಿಯಲ್ಲಿ ಸಾಯುತ್ತವೆ. ಹೊಟ್ಟೆಯ ಚಲನೆ ನಿಲ್ಲುತ್ತದೆ. ರಕ್ತದಲ್ಲಿರುವ ನೀರು ಹೊಟ್ಟೆಯೊಳಗೆ ಸೆಳೆಯಲ್ಪಟ್ಟು, ಹೊಟ್ಟೆ ತುಂಬಿದ್ದರೂ ದೇಹ ಬತ್ತಿಹೋಗುತ್ತದೆ. ಆಮ್ಲ ರಕ್ತಕ್ಕೆ ಸೇರಿದ ಮೇಲೆ ಬದುಕಿಸುವುದು ಕಷ್ಟ. ಬದುಕಿದರೂ ಕೆಲವು ಆಡುಗಳಿಗೆ ಗೊರಸಿನ ಒಳಭಾಗ ಬಾತು ಕುಂಟು ಉಳಿಯುತ್ತದೆ.

ಇನ್ನೆರಡು ಅಪಾಯಗಳೂ ಇವೆ. ಕರುಳಿನಲ್ಲಿ ಮೊದಲೇ ಇರುವ ಒಂದು ಬಗೆಯ ರೋಗಾಣು ಅತಿಯಾದ ಪಿಷ್ಟ ಸಿಕ್ಕಾಗ ಹೆಚ್ಚಿ ವಿಷ ಉಂಟುಮಾಡುತ್ತದೆ. ಇದೇ ಕರುಳುಬೇನೆ. ಕೊಬ್ಬಿದ ಮರಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಇದಕ್ಕೆ ಲಸಿಕೆ ಇದೆ. ಮರಿಗೆ ನಾಲ್ಕು ತಿಂಗಳಾಗುವಾಗ ಹಾಕಿಸಿ, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮತ್ತೆ ಹಾಕಿಸಬೇಕು. ಆದರೆ ಈ ಲಸಿಕೆ ಹುಳಿಯಿಂದಾಗುವ ಅಜೀರ್ಣವನ್ನು ತಡೆಯುವುದಿಲ್ಲ. ಎರಡನೆಯದಾಗಿ, ಕೆಲವು ಕೋಳಿ ಆಹಾರಗಳಿಗೆ ರಕ್ತಭೇದಿ ಬಾರದಂತೆ ಮೊನೆನ್ಸಿನ್, ಸಲಿನೋಮೈಸಿನ್‌ನಂತಹ ಔಷಧಿ ಬೆರೆಸಿರುತ್ತಾರೆ. ಕೋಳಿಯ ಅಳತೆಗೆ ಬೆರೆಸಿದ ಈ ಔಷಧಿ ಆಡಿನ ಹೊಟ್ಟೆಗೆ ಹೆಚ್ಚಾಗಿ ಸೇರಿದರೆ ಹೃದಯಕ್ಕೂ ಸ್ನಾಯುಗಳಿಗೂ ಹಾನಿ. ಆದುದರಿಂದ ಮೂಟೆಗೆ ಹೊಲಿದಿರುವ ಚೀಟಿಯನ್ನು ಎಸೆಯದೆ ಇಟ್ಟುಕೊಂಡರೆ ಪಶುವೈದ್ಯರಿಗೆ ತೋರಿಸಬಹುದು.

ಮೋಸಗೊಳಿಸುವ ಮೊದಲ ಗಂಟೆಗಳು

ಈ ಕಾಯಿಲೆಯ ದೊಡ್ಡ ಮೋಸ ಇರುವುದು ಇಲ್ಲಿಯೇ. ಮೂಟೆ ಖಾಲಿ ಮಾಡಿದ ಆಡು ಮೊದಲ ಕೆಲವು ಗಂಟೆ ಚೆನ್ನಾಗಿಯೇ ಓಡಾಡುತ್ತದೆ. ಲಕ್ಷಣಗಳು ಸ್ಪಷ್ಟವಾಗುವುದು ಸಾಮಾನ್ಯವಾಗಿ ಹನ್ನೆರಡು ಗಂಟೆಗಳ ನಂತರ; ಕೆಲವೊಮ್ಮೆ ಇಡೀ ಒಂದು ದಿನ ಕಳೆದ ಮೇಲೆ. ಆಡು ಮೆಲುಕು ಬಿಡುತ್ತದೆ, ತಲೆ ತಗ್ಗಿಸಿ ಮೂಲೆಯಲ್ಲಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ. ಎಡಹೊಟ್ಟೆ ಉಬ್ಬುತ್ತದೆ. ಹುಳಿ ವಾಸನೆಯ ಭೇದಿ ಶುರುವಾಗುತ್ತದೆ. ನಡಿಗೆ ತೂರಾಡಿ ಕೊನೆಗೆ ಮಲಗಿಬಿಡುತ್ತದೆ. ಆರೋಗ್ಯವಂತ ಆಡಿನ ಎಡ ಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿದರೆ ನಿಮಿಷಕ್ಕೆ ಒಂದೆರಡು ಸಲ ಹೊಟ್ಟೆ ಅಲೆಯಂತೆ ಕೈಯನ್ನು ತಳ್ಳುವುದು ತಿಳಿಯುತ್ತದೆ. ಆ ಅಲೆ ನಿಂತಿದ್ದರೆ ಕಾಯುವ ಹೊತ್ತಲ್ಲ.

ಪ್ರಿಯ ಓದುಗರೇ, ಇಲ್ಲಿ ಒಂದು ಮಾತನ್ನು ತಂದೆತಾಯಂದಿರಿಗೆ ವಿಶೇಷವಾಗಿ ಹೇಳಬೇಕು. ಕೋಳಿಗೂಡಿನ ಬಾಗಿಲು ಹಾಕಲು ಮರೆಯುವುದು ಹೆಚ್ಚಾಗಿ ಮಕ್ಕಳು. ಆಡು ತಿನ್ನುವುದನ್ನು ಮೊದಲು ನೋಡುವವರೂ ಅವರೇ. ಬೈಗುಳ, ಪೆಟ್ಟಿಗೆ ಹೆದರಿ ಮಗು ಆಡನ್ನು ಓಡಿಸಿ, ಚೆಲ್ಲಿದ್ದನ್ನು ಗುಡಿಸಿ ಸುಮ್ಮನಾದರೆ ಆಡನ್ನು ಉಳಿಸಬಹುದಾಗಿದ್ದ ಗಂಟೆಗಳು ಕಳೆದೇ ಹೋಗುತ್ತವೆ. ‘ಏನಾದರೂ ಆದರೆ ಮೊದಲು ಬಂದು ಹೇಳು, ಬೈಯುವುದಿಲ್ಲ’ ಎಂಬ ಮಾತು ಮನೆಯಲ್ಲಿ ಮುಂಚೆಯೇ ಆಗಿರಲಿ. ಹಾಗೆ ಬಂದು ಹೇಳಿದ ದಿನ ಆ ಮಾತನ್ನು ಉಳಿಸಿಕೊಳ್ಳಿರಿ. ನಿಜ ಹೇಳಿದ ಮಗುವಿನಿಂದ ಆಡೂ ಉಳಿಯುತ್ತದೆ, ಮಗುವಿನ ಮೇಲಿನ ವಿಶ್ವಾಸವೂ ಉಳಿಯುತ್ತದೆ.

ತಕ್ಷಣ ಮಾಡಬೇಕಾದದ್ದು

ಆಡು ಹೆಚ್ಚು ತಿಂದಿದೆ ಎಂದು ತಿಳಿದ ಕೂಡಲೇ, ಲಕ್ಷಣಕ್ಕೆ ಕಾಯದೆ, ಹತ್ತಿರದ ಮೃಗಾಸ್ಪತ್ರೆಗೆ ತಿಳಿಸಿರಿ. ಸಂಚಾರಿ ಪಶುಚಿಕಿತ್ಸಾ ಘಟಕದ ಉಚಿತ ಕರೆ ಸಂಖ್ಯೆ 1962. ಏನು ತಿಂದಿತು, ಎಷ್ಟು ತಿಂದಿರಬಹುದು, ಯಾವಾಗ ತಿಂದಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರಲಿ. ಉಳಿದ ಕಾಳು, ಹಿಂಡಿಗಳನ್ನು ದೂರವಿಟ್ಟು ಒಣ ಬೈಹುಲ್ಲನ್ನು ಮಾತ್ರ ಮುಂದಿಡಿರಿ. ಮೆಲ್ಲಗೆ ನಡೆದಾಡಿಸಿರಿ.

ಅಡುಗೆ ಸೋಡಾ ಹುಳಿಯನ್ನು ತಗ್ಗಿಸುತ್ತದೆ. ದೇಹತೂಕದ ಒಂದು ಕಿಲೋಗೆ ಸುಮಾರು ಒಂದು ಗ್ರಾಮಿನಂತೆ ನೀರಿನಲ್ಲಿ ಕರಗಿಸಿ ಕುಡಿಸುವುದು ರೂಢಿಯಲ್ಲಿರುವ ಚಿಕಿತ್ಸೆ. ವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡೇ ಕೊಡಿರಿ. ಬಟ್ಟೆ ಒಗೆಯುವ ಸೋಡಾ ಖಂಡಿತ ಬೇಡ. ಕುಡಿಸುವಾಗ ತಲೆಯನ್ನು ಮೇಲಕ್ಕೆತ್ತಿ ಹಿಡಿಯಬಾರದು, ನೀರು ಶ್ವಾಸಕೋಶಕ್ಕೆ ಇಳಿದೀತು. ನಿಲ್ಲಲಾರದೆ ಬಿದ್ದಿರುವ ಆಡಿಗೆ ಬಾಯಿಂದ ಏನನ್ನೂ ಹಾಕದೆ ವೈದ್ಯರನ್ನೇ ಕರೆಸಿರಿ. ನಿತ್ರಾಣವಾಗಿದೆ ಎಂದು ಗಂಜಿ, ಬೆಲ್ಲದ ನೀರು ಕೊಡುವುದು ನಮ್ಮಲ್ಲಿ ರೂಢಿ. ಈ ಕಾಯಿಲೆಯಲ್ಲಿ ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಬಾಗಿಲು ಭದ್ರವಾಗಿರಲಿ

ಚಿಕಿತ್ಸೆಗಿಂತ ಚಿಲಕ ಅಗ್ಗ. ಕೋಳಿ ಆಹಾರದ ಮೂಟೆಯನ್ನು ಜಗಲಿಯಲ್ಲಿ ಒರಗಿಸಿಡದೆ, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ಬಾಗಿಲಿರುವ ಕೋಣೆಯಲ್ಲಿಡಿರಿ. ಆಡು ತುಟಿಯಿಂದ ಹಗ್ಗದ ಗಂಟನ್ನೂ ಸಡಿಲ ಚಿಲಕವನ್ನೂ ತೆಗೆಯಬಲ್ಲದು. ಕೊಂಡಿಗೆ ಒಂದು ಕೀಲು ಸಿಕ್ಕಿಸಿರಿ. ಆಹಾರದ ತಟ್ಟೆಯನ್ನು ಎತ್ತರದಲ್ಲಿ ತೂಗಿಸಿದರೆ ಸಾಕೆಂದು ತಿಳಿಯಬೇಡಿ, ಹಿಂಗಾಲಲ್ಲಿ ನಿಂತು ಹಲಸಿನ ಸೊಪ್ಪು ಎಳೆಯುವ ಪ್ರಾಣಿಗೆ ಅದು ಎತ್ತರವೇ ಅಲ್ಲ. ಕೋಳಿಗೆ ಗೂಡಿನೊಳಗೇ ಹಾಕಿ, ಕೋಳಿ ನುಸುಳುವಷ್ಟೇ ಕಿಂಡಿ ಬಿಡಿರಿ. ಆಡಿನ ಮರಿಯೂ ಅದರಲ್ಲಿ ನುಗ್ಗಬಹುದೇ ಎಂದು ಒಮ್ಮೆ ಪರೀಕ್ಷಿಸಿರಿ. ಬೆಳಿಗ್ಗೆ ಆಡಿಗೆ ಮೊದಲು ಸೊಪ್ಪು ಹಾಕಿ, ಆಮೇಲೆ ಕೋಳಿಗೂಡು ತೆರೆಯಿರಿ.

ಆಡಿಗೆ ಕಾಳು, ಹಿಂಡಿ ಬೇಡವೇ ಬೇಡವೆಂದಲ್ಲ. ಹಾಲು ಕೊಡುವ ಆಡಿಗೆ ಅದು ಬೇಕು. ಆದರೆ ಆಡಿಗೆಂದೇ ತಯಾರಿಸಿದ ಆಹಾರವನ್ನು ಸ್ವಲ್ಪದಿಂದ ಆರಂಭಿಸಿ ಎರಡು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು.

ಹಬ್ಬದ ಮರುದಿನ

ಇದೇ ಅಪಾಯ ಊಟದ ಚಪ್ಪರದ ಹಿಂದೆಯೂ ಇದೆ. ಮದುವೆ, ಹಬ್ಬದಲ್ಲಿ ಉಳಿದ ಅನ್ನ, ಪಾಯಸ ಹಾಳಾಗಬಾರದೆಂದು ಬಕೆಟ್ಟುಗಟ್ಟಲೆ ಜಾನುವಾರುಗಳ ಮುಂದೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. 2024ರ ಜೂನ್‌ನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಒಂದು ಹೈನುಮನೆಯಲ್ಲಿ ಪರೋಟ ಮತ್ತು ಹಲಸಿನ ಹಣ್ಣನ್ನು ಹೆಚ್ಚಾಗಿ ತಿಂದು ಐದು ಹಸುಗಳು ಸತ್ತವು. ದೊಡ್ಡ ಹಸುವಿಗೇ ಹೀಗಾದರೆ ಪುಟ್ಟ ಆಡಿನ ಪಾಡೇನು? ಅನ್ನ ಉಳಿದರೆ ಹಸಿದವರಿಗೆ ಮುಟ್ಟಿಸೋಣ. ಹಳಸಿದ್ದು ಗೊಬ್ಬರದ ಗುಂಡಿಗೆ ಹೋಗಲಿ.

ಎಲ್ಲರೂ ನೋಡಿಕೊಳ್ಳುತ್ತಾರೆ ಎಂದುಕೊಂಡ ಬಾಗಿಲನ್ನು ಕೊನೆಗೆ ಯಾರೂ ನೋಡಿರುವುದಿಲ್ಲ. ಆದ್ದರಿಂದ ಇಂದು ಸಂಜೆಯೇ ಮನೆಯಲ್ಲಿ ಒಬ್ಬರಿಗೆ ಈ ಕೆಲಸ ವಹಿಸಿಕೊಡಿರಿ: ಕತ್ತಲಾಗುವ ಮುಂಚೆ ಡ್ರಮ್ಮಿನ ಮುಚ್ಚಳ, ಗೂಡಿನ ಕೀಲು, ಆಡುಗಳ ಮೆಲುಕು, ಈ ಮೂರನ್ನೂ ನೋಡಿ ಬರುವುದು. ಐದು ನಿಮಿಷದ ಕೆಲಸ. ಆಡು ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದರೆ ಮನೆಯವರೂ ನೆಮ್ಮದಿಯಾಗಿ ಮಲಗಬಹುದು.