ವೇಷ ಕಟ್ಟುವ ಊರು ಗುಬ್ಬಿ

ತುಮಕೂರಿನಿಂದ ಶಿವಮೊಗ್ಗದ ಹೆದ್ದಾರಿ ಹಿಡಿದು ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಗುಬ್ಬಿ. ದಾರಿಯುದ್ದಕ್ಕೂ ತೆಂಗು, ಅಡಿಕೆ ತೋಟ. ಊರಿಗೆ ಊರೇ ನಡೆದುಕೊಳ್ಳುವ ದೇವರು ಗೋಸಲ ಚನ್ನಬಸವೇಶ್ವರ. ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆದರೂ ಗುಬ್ಬಿ ಎಂದರೆ ಕನ್ನಡಿಗರ ನೆನಪಿಗೆ ಮೊದಲು ಬರುವುದು ನಾಟಕವೇ.

1884ರಲ್ಲಿ ಆ ದೇವರ ಹೆಸರಿನಲ್ಲೇ ಇಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನಾಚೆಗೂ ಕೊಂಡೊಯ್ದವರು ಗುಬ್ಬಿ ವೀರಣ್ಣ. ಚಿಕ್ಕ ಹುಡುಗನಾಗಿದ್ದಾಗಲೇ ಕಂಪನಿ ಸೇರಿ ಬಣ್ಣ ಹಚ್ಚಿದ ವೀರಣ್ಣ ಮುಂದೆ ಅದರ ಒಡೆಯರಾದರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಬಿ.ವಿ. ಕಾರಂತರು ಹುಡುಗನಾಗಿ ಮನೆ ಬಿಟ್ಟು ಬಂದು ಸೇರಿಕೊಂಡದ್ದು ಇದೇ ಕಂಪನಿಯನ್ನು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾಗುವ ಮೊದಲು ಡಾ. ರಾಜ್‌ಕುಮಾರ್ ಪಳಗಿದ್ದೂ ಇಲ್ಲಿಯೇ. ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು.

ಕಂಪನಿಯ ವೈಭವದ ದಿನಗಳು ಮುಗಿದರೂ ವೇಷದ ಹುಚ್ಚು ಈ ಸೀಮೆಯನ್ನು ಬಿಟ್ಟಿಲ್ಲ. ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಬಂದವೆಂದರೆ ‘ಕುರುಕ್ಷೇತ್ರ’ ಕಟ್ಟುತ್ತಾರೆ. ಪಾತ್ರ ಬೇಕೆಂದವರು ಕೈಯಿಂದ ಹಣ ಹಾಕಬೇಕು. ದುರ್ಯೋಧನ, ಕೃಷ್ಣ, ಕರ್ಣನಂಥ ದೊಡ್ಡ ಪಾತ್ರಗಳಿಗೆ ಹೆಚ್ಚು, ಸೈನಿಕನಿಗೆ ಕಡಿಮೆ. ರೈತ, ಮೇಷ್ಟ್ರು, ಬಸ್ ಕಂಡಕ್ಟರ್ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಎದುರು ಕೂತು ಪದ್ಯ ಕಲಿಯುತ್ತಾರೆ. ಬಾಡಿಗೆಗೆ ತಂದ ಕಿರೀಟ, ಭುಜಕೀರ್ತಿ ತೊಟ್ಟು, ಗದೆ ಹೆಗಲಿಗೇರಿಸಿ ಒಂದು ರಾತ್ರಿ ಆಳುತ್ತಾರೆ. ಇದರಿಂದ ಅವರಿಗೆ ಕಾಸಿನ ಲಾಭವಿಲ್ಲ. ಮೆಚ್ಚಿದ ವೀರನ ಮೈಯೊಳಗೆ ಒಮ್ಮೆ ನಿಂತು ನೋಡಬೇಕೆಂಬ ಆಸೆಯೇ ಎಲ್ಲವನ್ನೂ ಮಾಡಿಸುತ್ತದೆ.

ಇದನ್ನೆಲ್ಲ ಕಂಡು ಬೆಳೆದ ನನಗೆ, ಅಕ್ಕನ ಎಂಟನೇ ಕ್ಲಾಸಿನ ಮಗಳು ಬೆಂಗಳೂರಿನ ಕಾಮಿಕ್ಸ್ ಮೇಳ ಕಾಮಿಕ್ ಕಾನ್‌ಗೆ ಜಪಾನಿ ಅನಿಮೆ ‘ಡೀಮನ್ ಸ್ಲೇಯರ್’ನ ನಾಯಕ ತಾಂಜಿರೊ ವೇಷದಲ್ಲಿ ಹೋಗಬೇಕೆಂದು ಹಟ ಹಿಡಿದಾಗ ಅಚ್ಚರಿಯಾಗಲಿಲ್ಲ. ಮನೆಯ ಹಿರಿಯರಿಗೆ ಮಾತ್ರ ಜಪಾನಿನ ಕಾರ್ಟೂನು, ಅದಕ್ಕೊಂದು ವೇಷ, ಅದಕ್ಕೆ ದುಡ್ಡು ಕೊಟ್ಟು ಟಿಕೆಟ್ಟು ಎಂಬುದು ಅರಗಲಿಲ್ಲ. ಕರೆದುಕೊಂಡು ಹೋಗುವ ಹೊಣೆ ನಾನು ಹೊತ್ತೆ.

ತಯಾರಿ ತುಮಕೂರಿನ ಮನೆಯಲ್ಲೇ ನಡೆಯಿತು. ಹಸಿರು-ಕಪ್ಪು ಚೌಕಳಿಯ ಬಟ್ಟೆ ಸಿಗದೆ, ಹಸಿರು ಬಟ್ಟೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ಒಂದು ಬಿಟ್ಟು ಒಂದು ಚೌಕಕ್ಕೆ ಕಪ್ಪು ಬಣ್ಣ ತುಂಬಿದಳು. ಕತ್ತಿಗೆ ರಟ್ಟು, ಹಿಡಿಗೆ ಹಳೇ ಟೇಪು. ಕಿವಿಯೋಲೆಯನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಅದರ ಮೇಲೆ ಕೆಂಪು ಸೂರ್ಯನನ್ನು ಬರೆದಳು. ಹಣೆಯ ಗಾಯದ ಗುರುತನ್ನು ಅಕ್ಕನೇ ಕುಂಕುಮದಲ್ಲಿ ತೀಡಿ, ಒರೆಸಿ, ಮತ್ತೆ ತೀಡಿದಳು. ರಟ್ಟು, ಬೇಗಡೆ, ಗಾಜಿನ ಚೂರಿನಿಂದ ಕೌರವೇಶ್ವರನ ಕಿರೀಟ ಮಾಡುವ ಕೈಗಳ ಜಾಣತನವೇ ಅಲ್ಲಿ ಕಂಡಿತು.

ಕಾಮಿಕ್ ಕಾನ್ ಭಾರತಕ್ಕೆ ಬಂದದ್ದು 2011ರಲ್ಲಿ, ದೆಹಲಿಗೆ. 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಈಚಿನ ವರ್ಷಗಳಲ್ಲಿ ವೈಟ್‌ಫೀಲ್ಡಿನ ಕೆಟಿಪಿಒ ಆವರಣದಲ್ಲಿ ನಡೆಯುತ್ತಿದೆ. ಬಾಗಿಲಲ್ಲಿ ಎಲ್ಲರ ಆಯುಧಗಳ ತಪಾಸಣೆ. ಲೋಹದ್ದಕ್ಕೆ, ಚೂಪಾದದ್ದಕ್ಕೆ ಪ್ರವೇಶವಿಲ್ಲ. ‘ಮಾವ, ನನ್ನ ಕತ್ತಿ ಒಳಗೆ ಬಿಡ್ತಾರಾ?’ ಎಂದು ಸಾಲಿನುದ್ದಕ್ಕೂ ಕೇಳುತ್ತಿದ್ದಳು. ರಟ್ಟಿನ ಕತ್ತಿಯನ್ನು ಬಗ್ಗಿಸಿ ನೋಡಿ ಬಿಟ್ಟರು.

ಒಳಗೆ ನರುಟೊ, ‘ಒನ್ ಪೀಸ್’ನ ಲುಫಿ, ಬ್ಯಾಟ್‌ಮನ್ ಎಲ್ಲರೂ ಒಂದೇ ಜಗಲಿಯಲ್ಲಿ. ಜಪಾನಿ ಚಿತ್ರಕಥೆಗಳಾದ ಮಾಂಗಾ ಪುಸ್ತಕದ ಮಳಿಗೆ, ತಾವೇ ಬರೆದ ಚಿತ್ರಗಳನ್ನು ಮಾರುವ ಕಲಾವಿದರ ಮೇಜು, ವೇಷಧಾರಿಗಳ ಸ್ಪರ್ಧೆಗೊಂದು ವೇದಿಕೆ. ಕಾಲೇಜಿನ ಹುಡುಗಿಯೊಬ್ಬಳು ಬಂದು ‘ಫೋಟೊ ತೆಗೀಬಹುದಾ?’ ಎಂದು ಕೇಳಿದಳು. ಕೇಳದೆ ಫೋಟೊ ತೆಗೆಯಬಾರದು, ವೇಷವನ್ನು ಮುಟ್ಟಬಾರದು ಎಂಬುದು ಅಲ್ಲಿನ ನಡಾವಳಿ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲು ನಾಚುವ ನಮ್ಮ ಹುಡುಗಿ ಕಾಲು ಅಗಲಿಸಿ, ಎರಡೂ ಕೈಯಲ್ಲಿ ಕತ್ತಿ ಹಿಡಿದು, ಗಲ್ಲ ಎತ್ತಿ ನಿಂತಳು. ರಾತ್ರಿ ನಾಟಕದಲ್ಲಿ ಮೊದಲ ಬಾರಿ ಬೆಳಕಿಗೆ ಬರುವ ನಟರ ನಿಲುವು ಅದು.

ಮಕ್ಕಳ ಈ ಒಲವನ್ನು ಹೊರಗಿನದೆಂದು ದೂರ ಇಡುವವರು ಒಂದು ಸಿನಿಮಾ ನೆನೆಯಬೇಕು. ಜಪಾನಿನ ನಿರ್ದೇಶಕ ಯುಗೊ ಸಾಕೊ ನಮ್ಮ ಅನಿಮೇಷನ್ ಕಲಾವಿದ ರಾಮ್ ಮೋಹನ್ ಜೊತೆಗೂಡಿ ರಾಮಾಯಣವನ್ನೇ ಅನಿಮೆ ಮಾಡಿದರು. ಅದು ಮುಗಿದದ್ದು 1990ರ ದಶಕದ ಆರಂಭದಲ್ಲಿ. 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಮತ್ತೆ ಬಂತು. ರಾಮನ ಕಥೆಯನ್ನು ಜಪಾನಿನವರು ಪ್ರೀತಿಯಿಂದ ಬರೆದರು. ಅವರ ಕಥೆಯನ್ನು ನಮ್ಮ ಮಕ್ಕಳು ಅಷ್ಟೇ ಪ್ರೀತಿಯಿಂದ ಧರಿಸುತ್ತಾರೆ.

ಕಾಮಿಕ್ ಕಾನ್‌ಗೆ ಹೋಗುವವರಿಗೆ: ತುಮಕೂರು, ಗುಬ್ಬಿಯಿಂದ ರೈಲಿನಲ್ಲಿ ಬೆಂಗಳೂರು ಮುಖ್ಯ ನಿಲ್ದಾಣಕ್ಕೆ ಬಂದು, ವೈಟ್‌ಫೀಲ್ಡ್ ಕಡೆಯ ನೇರಳೆ ಮಾರ್ಗದ ಮೆಟ್ರೊ ಹಿಡಿಯಬಹುದು. ಕುಣಿಗಲ್‌ನವರು ಬಸ್ಸಿನಲ್ಲಿ ನೆಲಮಂಗಲ ದಾಟಿ ಮಾದಾವರದಲ್ಲಿ ಹಸಿರು ಮಾರ್ಗ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿದರಾಯಿತು. ಟಿಕೆಟ್ ಮೊದಲೇ ಮಾಡಿಸಿ. ವೇಷ ಚೀಲದಲ್ಲಿರಲಿ, ಅಲ್ಲಿ ತೊಡಿಸಿ. ಸೂಜಿ-ದಾರ, ಅಂಟು, ನೀರು ಜೊತೆಗಿರಲಿ. ಕೊಳ್ಳುವುದಕ್ಕೆ ಎಷ್ಟು ಹಣ ಎಂಬುದನ್ನು ಮನೆಯಲ್ಲೇ ಮಾತಾಡಿಕೊಳ್ಳಿ. ಮುಖ್ಯವಾಗಿ, ಪೂರ್ತಿ ಹೊತ್ತು ಮಗುವಿನ ಜೊತೆಯಲ್ಲೇ ಇರಿ. ಅದು ತೋರಿಸಿದ್ದನ್ನೆಲ್ಲ ನೋಡಿ.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕೆಂದೇನೂ ಇಲ್ಲ. ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ಪೌರಾಣಿಕ ನಾಟಕಗಳ ನಡುವೆ ವರ್ಷಕ್ಕೊಂದು ದಿನ ಅದನ್ನು ಮಕ್ಕಳ ವೇಷಕ್ಕೆ ಬಿಟ್ಟುಕೊಡಲಿ. ಬಣ್ಣದ ಕೆಲಸ ಬಲ್ಲ ಹಿರಿಯ ಕಲಾವಿದರು ಹೇಳಿಕೊಡಲಿ, ಮಕ್ಕಳು ತಮ್ಮ ತಾಂಜಿರೊನನ್ನೂ ಲುಫಿಯನ್ನೂ ತರಲಿ. ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದ ವೀರಣ್ಣನವರ ಹೆಸರು ಹೊತ್ತ ಕಟ್ಟಡಕ್ಕೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ.