ಬರಡು ಅಂಗಳಕ್ಕೆ ಬೃಂದಾವನದ ಮೆರುಗು!

ನಾಯಕ ನಾಯಕಿಯ ಕೈ ಹಿಡಿದು ಕಾರಂಜಿಗಳ ನಡುವೆ ಓಡಿದರೆ ಪ್ರೇಕ್ಷಕನಿಗೆ ತಟ್ಟನೆ ಹೊಳೆಯುವ ಹೆಸರು ಒಂದೇ... ಕನ್ನಂಬಾಡಿಯ ಬೃಂದಾವನ! ಎಷ್ಟು ಭಾಷೆಗಳ ಎಷ್ಟು ಯುಗಳಗೀತೆಗಳು ಅಲ್ಲಿ ಚಿತ್ರೀಕರಣವಾದವೋ ಲೆಕ್ಕ ಇಟ್ಟವರಿಲ್ಲ. ಅದನ್ನು ನೋಡಿ ಬಂದ ಹುಡುಗನಿಗೆ ತನ್ನ ಮನೆಯ ಅಂಗಳ ಬೋಳುಬೋಳಾಗಿ ಕಂಡರೆ ತಪ್ಪೇನು?

ಪಾವಗಡ ತಾಲ್ಲೂಕು ವೈ.ಎನ್.ಹೊಸಕೋಟೆಯ ನನ್ನ ಗೆಳೆಯನಿಗೆ ಹಿಡಿದದ್ದೂ ಇದೇ ಹುಚ್ಚು. ರೇಷ್ಮೆ ಸೀರೆ ನೇಯುವ ಮನೆತನ. ಮದುವೆ ಮಾತುಕತೆ ನಡೆದಿತ್ತು. ದೀಪಾವಳಿ ಕಳೆದ ಮೇಲೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಯುಗಾದಿ ಮುಗಿಯುತ್ತಲೇ ನನಗೆ ಕರೆ ಬಂತು. “ಗುರೂ, ನೀನು ಶೂಟಿಂಗ್ ನೋಡಿದೋನು. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ ಜಾಗ ಐತೆ. ಪೂರ್ತಿ ಹುಲ್ಲುಹಾಸು ಹಾಕ್ಬಿಡೋಣ, ಬಾ!”

ನಾನು ಹೋದಾಗ ಅವನ ತಾಯಿ ಬೀದಿ ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದರು. ವಿಷಯ ಕೇಳಿ ಕೊಡ ಇಳಿಸಿ ಅಂದರು: “ಏನಪ್ಪಾ, ಹುಲ್ಲಿಗೂ ನಾನೇ ನೀರು ಹೊರಬೇಕಾ?”

ಗೆಳೆಯ ನಕ್ಕ. ನಾನು ಪೆನ್ನು ತೆಗೆದೆ. ಬಿರುಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಅವನ ಜಾಗ 37 ಚದರ ಮೀಟರ್. ಅಂದರೆ ದಿನಕ್ಕೆ 185 ಲೀಟರ್. 15 ಲೀಟರಿನ ಕೊಡದಲ್ಲಿ ಹನ್ನೆರಡು ಕೊಡ! ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ನರಳಿದ ತಾಲ್ಲೂಕಿನಲ್ಲಿ ಈ ಶೋಕಿ ಯಾರ ಸೊಂಟದ ಮೇಲೆ ಬೀಳುತ್ತದೆ? ಗೆಳೆಯನ ನಗು ನಿಂತಿತು.

ಬೃಂದಾವನದ ಗುಟ್ಟು

ಬೃಂದಾವನದ ಕೆಲಸ ಶುರುವಾದದ್ದು 1927ರಲ್ಲಿ, ಮುಗಿದದ್ದು 1932ರಲ್ಲಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸು ಅದು. ಅದರ ಬೆನ್ನಿಗೆ ಕಾವೇರಿಯ ಆಣೆಕಟ್ಟೇ ನಿಂತಿದೆ ಸ್ವಾಮೀ! ಹೊಸಕೋಟೆಯವನು ಅಲ್ಲಿಂದ ಕಾರಂಜಿಯನ್ನು ತರಲಾರ. ಆದರೆ ಜಾಣತನ ತರಬಹುದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಜಾತಿ ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದರು. ಅದಕ್ಕೆ ಬೇಕಾದದ್ದು ತಲೆ, ಕಾವೇರಿಯಲ್ಲ.

ನಾವು ಮಾಡಿದ್ದಿಷ್ಟು

ಮೊದಲು ನೋಟ. ಕ್ಯಾಮೆರಾ ಇಟ್ಟ ಹಾಗೆ ಗೇಟಿನಲ್ಲಿ ನಿಂತೆವು. ಗೇಟಿನಿಂದ ಹೊಸ್ತಿಲವರೆಗೆ ಕಲ್ಲು ಚಪ್ಪಡಿಯ ದಾರಿ. ನೇರವಾಗಿ ಅಲ್ಲ, ಸ್ವಲ್ಪ ಬಳುಕಿಸಿ. ದಾರಿ ಬಳುಕಿದರೆ ಸಣ್ಣ ಜಾಗವೂ ದೊಡ್ಡದಾಗಿ ಕಾಣುತ್ತದೆ. ಎತ್ತರದ ಗಿಡ ಹಿಂದೆ, ಗಿಡ್ಡನೆಯದು ಮುಂದೆ. ಗ್ರೂಪ್ ಫೋಟೋದಲ್ಲಿ ನಿಲ್ಲಿಸುವುದಿಲ್ಲವೇ, ಹಾಗೆ!

ಪಡುವಣ ಬಿಸಿಲಿಗೆ ಅಡ್ಡವಾಗಿ ಗೋಡೆಯಿಂದ ಹತ್ತಡಿ ದೂರ ಒಂದು ಬೇವು. ಕಾಂಪೌಂಡಿಗೆ ಕಾಗದದ ಹೂವಿನ ಬಳ್ಳಿ; ಬೇರೂರಿದ ಮೇಲೆ ಹೆಚ್ಚು ನೀರು ಕೊಟ್ಟರೆ ಬರೀ ಎಲೆ, ಕಡಿಮೆ ಕೊಟ್ಟರೆ ಮೈತುಂಬ ಹೂವು. ದಾರಿಯ ಪಕ್ಕ ದಾಸವಾಳ, ಕನಕಾಂಬರ. ಮಲ್ಲಿಗೆ ಬಾಗಿಲ ಹತ್ತಿರ. ಕಣಗಲೆ ಬೇಡವೆಂದೆ. ಬರ ತಡೆಯುವ ಗಿಡವೇ ಹೌದು, ಆದರೆ ಎಲ್ಲ ಭಾಗವೂ ವಿಷ. ಮನೆಯಲ್ಲಿ ಮೇಕೆ ಇತ್ತು, ಮಕ್ಕಳಿದ್ದವು.

ಇನ್ನು ನೀರು. ಬಚ್ಚಲ ನೀರನ್ನು ಕಾಲುವೆ ಮಾಡಿ ಬಾಳೆಗೂ ಕಾಬಾಳೆಗೂ ತಿರುಗಿಸಿದೆವು. ಉಳಿದ ಗಿಡಗಳ ಬುಡದಲ್ಲಿ ಮಣ್ಣಿನ ಮಡಕೆ ಹೂತು ಬಾಯಿ ಮುಚ್ಚಿದೆವು; ನೀರು ಜಿನುಗುತ್ತಾ ಬೇರಿಗೇ ಹೋಗುತ್ತದೆ, ಬಿಸಿಲಿಗೆ ಸಿಗುವುದಿಲ್ಲ. ಮೇಲೆ ಕಡಲೆಕಾಯಿ ಸಿಪ್ಪೆ ಹರಡಿದೆವು. ಪಾವಗಡದ ಸೀಮೆಯಲ್ಲಿ ಕಡಲೆಕಾಯಿ ಸಿಪ್ಪೆಗೆ ಬರವೇ?

ತಾರಸಿಯ ಲೆಕ್ಕ ಕೇಳಿ. ಐನೂರು ಚದರಡಿ ತಾರಸಿಯ ಮೇಲೆ ವರ್ಷಕ್ಕೆ 20 ಸಾವಿರ ಲೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಅದನ್ನು ಚರಂಡಿಗೆ ಬಿಟ್ಟು ನಲ್ಲಿ ಮುಂದೆ ಕ್ಯೂ ನಿಲ್ಲುವುದು ಯಾವ ನ್ಯಾಯ? ಪೈಪು ಇಳಿಸಿ ತೊಟ್ಟಿಗೆ ಕಟ್ಟಿದೆವು.

1972ರ ‘ಬಂಗಾರದ ಮನುಷ್ಯ’ದಲ್ಲಿ ಅಣ್ಣಾವ್ರು ಬರಡು ನೆಲವನ್ನು ಹಸಿರು ಮಾಡಿದ್ದನ್ನು ಕಂಡು ಶಿಳ್ಳೆ ಹೊಡೆದವರು ನಾವು. ಆ ರಾಜೀವ ಬೆವರು ಹರಿಸಿ ದುಡಿದ. ನಮ್ಮ ಗೆಳೆಯನೂ ಗುದ್ದಲಿ ಹಿಡಿದ. ಅಂಗೈಯಲ್ಲಿ ಬೊಬ್ಬೆ ಎದ್ದವು.

ದೀಪಾವಳಿ ಆಯಿತು. ಹೆಣ್ಣಿನ ಕಡೆಯವರು ಬಂದರು. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಗಿಡಗಳು ಎದೆಯೆತ್ತರ ಬೆಳೆದಿದ್ದವು. ಭಾವೀ ಮಾವ ಹೂವು ನೋಡಿ ತಲೆಯಾಡಿಸಿದರು, ಅಷ್ಟೆ. ಹುಡುಗಿಯ ತಾಯಿ ಮಾತ್ರ ತೊಟ್ಟಿಯ ಮುಚ್ಚಳ ತೆಗೆದು ಇಣುಕಿ, ಮಗಳ ಕಡೆ ತಿರುಗಿ ಹೇಳಿದರು: “ಇಲ್ಲಿ ನೀನು ಕೊಡ ಹೊರೋದು ಕಮ್ಮಿ ಕಣೇ.”

ಸಂಬಂಧ ಕುದುರಿತು. ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿರುವ ತಮ್ಮಂದಿರೇ, ಮುಂದಿನ ಮಳೆಗೆ ಮುಂಚೆ ಗುಂಡಿ ತೋಡಿ!